ಸಂಬಂಧ ಮುಗಿದ ಮೇಲೂ ಉಳಿಯುವ ನೋವು

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ ಉಕ್ಕಿ ಹರಿದುದನ್ನು ಅಥಣಿ ತಾಲೂಕಿನ ಸತ್ತಿ ಮತ್ತು ಸುತ್ತಲಿನ ಹೊಳೆದಂಡೆಯ ಊರಿನವರು ಮರೆತಿಲ್ಲ. ನೀರು ಇಳಿದ ಮೇಲೂ ಮನೆಯೊಳಗಿನ ರಾಡಿ ತೆಗೆದು ಗೋಡೆ ಆರಿಸಲು ಬಹಳ ದಿನ ಬೇಕಾಗುತ್ತದೆ. ತಲಾಕ್ ಅಥವಾ ಖುಲಾದಿಂದ ದಾಂಪತ್ಯ ಕೊನೆಗೊಂಡಾಗಲೂ ಹಾಗೆಯೇ. ಸಂಬಂಧ ಒಂದು ದಿನ ಮುಗಿಯುತ್ತದೆ; ಮನಸ್ಸು ಅದೇ ದಿನ ಬಿಡುಗಡೆ ಹೊಂದುವುದಿಲ್ಲ.

ಬಳಗದೊಳಗೇ ಆದ ಮದುವೆಯಾದರೆ ಕಷ್ಟ ಇನ್ನೂ ಹೆಚ್ಚು. ಶಾದಿಮನೆಯಲ್ಲಿ, ಅಥಣಿಯ ಪೇಟೆಯಲ್ಲಿ ಇಬ್ಬರೂ ಎದುರುಬದುರಾಗುತ್ತಾರೆ. ಮನೆಯವರು "ಆದದ್ದಾಯಿತು, ಮರೆತುಬಿಡು" ಎನ್ನುತ್ತಾರೆ. ಮರೆಯಲಾಗದಿದ್ದರೆ ಅದು ಈಮಾನಿನ ದೌರ್ಬಲ್ಯವೇ?

ಪ್ರಿಯ ಓದುಗರೇ, ಮದೀನಾದಲ್ಲಿ ನಡೆದ ಈ ಘಟನೆಯನ್ನು ನೋಡಿರಿ. ಗುಲಾಮಳಾಗಿದ್ದ ಬರೀರಾ(ರ)ರನ್ನು ಹಝ್ರತ್ ಆಯಿಶಾ(ರ) ಖರೀದಿಸಿ ಸ್ವತಂತ್ರಗೊಳಿಸಿದರು. ಆಗ ದಾಂಪತ್ಯದಲ್ಲಿ ಉಳಿಯುವ ಅಥವಾ ಬಿಡುವ ಹಕ್ಕು ಆಕೆಗೆ ದೊರೆಯಿತು. ಆಕೆ ಬಿಡುವುದನ್ನೇ ಆರಿಸಿಕೊಂಡರು. ಪತಿ ಮುಗೀಸ್(ರ) ಆಕೆಯ ಹಿಂದೆ ಬೀದಿಬೀದಿ ಅಳುತ್ತ ನಡೆದರು. ಕಣ್ಣೀರು ಗಡ್ಡದ ಮೇಲೆ ಹರಿಯುತ್ತಿತ್ತು. ಪ್ರವಾದಿವರ್ಯರು(ಸ) ಹಝ್ರತ್ ಅಬ್ಬಾಸ್(ರ)ರೊಡನೆ ಅವರ ಪ್ರೀತಿಯನ್ನೂ ಆಕೆಯ ಅಪ್ರೀತಿಯನ್ನೂ ಕುರಿತು ಅಚ್ಚರಿಪಟ್ಟರು. ಮರಳಿ ಹೋಗಬಹುದಲ್ಲವೇ ಎಂದು ಬರೀರಾರಿಗೆ ಸೂಚಿಸಿದರು. ಇದು ಆಜ್ಞೆಯೇ ಎಂದು ಆಕೆ ವಿಚಾರಿಸಿದರು. ಅಲ್ಲ, ಕೇವಲ ಶಿಫಾರಸು ಎಂದು ಉತ್ತರ ಬಂತು. ಹಾಗಾದರೆ ನನಗೆ ಅವರ ಅಗತ್ಯವಿಲ್ಲ ಎಂದರು ಬರೀರಾ. ಮಾತು ಅಲ್ಲಿಗೆ ಮುಗಿಯಿತು. ಸಹೀಹ್ ಬುಖಾರಿಯಲ್ಲಿ ಈ ಘಟನೆ ವರದಿಯಾಗಿದೆ.

ಇದರಲ್ಲಿ ನಮಗೆ ಪಾಠಗಳಿವೆ. ಮುಗೀಸ್‌ರ ಕಣ್ಣೀರನ್ನು ಪ್ರವಾದಿವರ್ಯರು(ಸ) ಹಳಿಯಲಿಲ್ಲ. ಬರೀರಾರ ನಿರಾಕರಣೆಯನ್ನೂ ಖಂಡಿಸಲಿಲ್ಲ. ದುಃಖ ಪಾಪವಲ್ಲ, ಆದರೆ ಒಬ್ಬರ ದುಃಖ ಇನ್ನೊಬ್ಬರ ಮೇಲೆ ಹಕ್ಕಾಗುವುದಿಲ್ಲ. ಪ್ರವಾದಿಯ(ಸ) ಶಿಫಾರಸೇ ಒತ್ತಾಯವಾಗಲಿಲ್ಲ ಎಂದ ಮೇಲೆ ಜಮಾಅತಿನ ಹಿರಿಯರಾಗಲಿ ಸೋದರಮಾವನಾಗಲಿ ಒತ್ತಾಯಿಸಲು ಯಾರು?

ಹಾಗಾದರೆ ನೋವಿರುವವರು ಮಾಡಬೇಕಾದುದೇನು? ಮರಳಿ ಸೇರಿಸಿಕೊಳ್ಳಬಹುದಾದ ತಲಾಕ್ ಆಗಿದ್ದರೆ ಇದ್ದತ್ ಮುಗಿಯುವ ಮುನ್ನ ಒಳ್ಳೆಯ ಉದ್ದೇಶದಿಂದ ಸಂಧಾನಕ್ಕೆ ಯತ್ನಿಸಿರಿ. ಬಾಗಿಲು ಮುಚ್ಚಿದ ಮೇಲೆ ಗುಟ್ಟಾಗಿ ಫೋನ್ ಮಾಡುವುದು, ಗೆಳೆಯರ ಮೂಲಕ ಸುದ್ದಿ ತರಿಸಿಕೊಳ್ಳುವುದು ಬೇಡ. ಅದು ಆರುತ್ತಿರುವ ಗೋಡೆಗೆ ಮತ್ತೆ ನೀರು ಹೊಯ್ದಂತೆ. ಮಕ್ಕಳ ವಿಷಯವಿದ್ದರೆ ಹಿರಿಯರ ಮುಂದೆ ನೇರವಾಗಿ ಮಾತಾಡಿರಿ. ಮಹ್ರ್ ಬಾಕಿಯಿದ್ದರೆ ಕೊಟ್ಟುಬಿಡಿರಿ. ಹಳೆಯ ಗುಟ್ಟುಗಳನ್ನು ಬೀದಿಗೆ ತರಬೇಡಿರಿ. ಅಗಲುವಾಗಲೂ ಪರಸ್ಪರ ಔದಾರ್ಯ ಮರೆಯಬಾರದೆಂಬುದು ಅಲ್ ಬಕರ ಅಧ್ಯಾಯದ ಬೋಧನೆ. ಪುತ್ರ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿವರ್ಯರ(ಸ) ಕಣ್ಣು ತುಂಬಿತ್ತು. ನಾಲಿಗೆ ಮಾತ್ರ ಅಲ್ಲಾಹನು ಮೆಚ್ಚುವುದನ್ನೇ ನುಡಿಯಿತು.

ಮನೆಯವರೇ, ತವರಿಗೆ ಮರಳಿದ ಮಗಳು ಮೂಲೆಯಲ್ಲಿ ಅತ್ತರೆ ಗದರಬೇಡಿರಿ. ಮಗ ಮೌನವಾಗಿದ್ದರೆ ಅವಸರದಿಂದ ಇನ್ನೊಂದು ಹೆಣ್ಣು ನೋಡಬೇಡಿರಿ. ಹಳೆಯ ನೋವು ಹೊಸಬಳ ಪಾಲಾಗುವುದು ಅನ್ಯಾಯ.

ಅಬೂ ಸಲಮಾ(ರ) ತೀರಿಕೊಂಡಾಗ ಅವರಿಗಿಂತ ಉತ್ತಮರು ಯಾರಿದ್ದಾರೆ ಎಂದು ಉಮ್ಮು ಸಲಮಾರಿಗೆ(ರ) ಅನಿಸಿತ್ತು. ಆದರೂ ಪ್ರವಾದಿವರ್ಯರು(ಸ) ಕಲಿಸಿದಂತೆ, ಈ ವಿಪತ್ತಿಗೆ ಪ್ರತಿಫಲವನ್ನೂ ಕಳೆದುಹೋದುದಕ್ಕಿಂತ ಉತ್ತಮವಾದುದನ್ನೂ ಅಲ್ಲಾಹನಲ್ಲಿ ಬೇಡಿದರು. ಮುಂದೆ ಅವರಿಗೆ ಪ್ರವಾದಿಪತ್ನಿಯಾಗುವ ಭಾಗ್ಯ ಒದಗಿತು. ನೀವೂ ಇಂದಿನ ಇಶಾ ನಮಾಝ್‌ನ ಬಳಿಕ ಆ ದುಆವನ್ನು ಮಾಡಿರಿ. ಬೇರ್ಪಟ್ಟ ಇಬ್ಬರನ್ನೂ ತನ್ನ ಔದಾರ್ಯದಿಂದ ಸ್ವಾವಲಂಬಿಗಳನ್ನಾಗಿ ಮಾಡುವೆನೆಂಬ ವಾಗ್ದಾನ ಅನ್ನಿಸಾ ಅಧ್ಯಾಯದಲ್ಲಿದೆ. ಇಬ್ಬರನ್ನೂ ಎಂದಿದೆ, ಆದ್ದರಿಂದ ದುಆದಲ್ಲಿ ಅಗಲಿದವರಿಗೂ ಒಳಿತನ್ನು ಬೇಡಿರಿ.