ನೋಟಕ್ಕೆ ಬೆನ್ನು ಹಾಕಿ ಕೂತಾಗ

ಮುಳ್ಳಯ್ಯನಗಿರಿಯಲ್ಲಿ ಏಕಾಂತ ಸಿಗುತ್ತದೆ ಎಂದರೆ ನಂಬುವವರು ಕಡಿಮೆ. ರಜೆಯ ದಿನ ಕೈಮರದ ಚೆಕ್‌ಪೋಸ್ಟ್‌ನಿಂದಲೇ ವಾಹನಗಳ ಸಾಲು ಶುರು. ಸೀತಾಳಯ್ಯನಗಿರಿ ದಾಟಿದ ಮೇಲಿನ ಇಕ್ಕಟ್ಟಿನ ರಸ್ತೆಯಲ್ಲಿ ಎದುರುಬದುರಾದ ಜೀಪುಗಳು ದಾರಿ ಬಿಡಲಾಗದೆ ನಿಂತುಬಿಡುತ್ತವೆ. ಮೆಟ್ಟಿಲು ಹತ್ತಿ ತುದಿ ಸೇರಿದರೆ 1,930 ಮೀಟರ್ ಎತ್ತರ, ಕರ್ನಾಟಕದಲ್ಲೇ ಅತಿ ಎತ್ತರದ ಶಿಖರ. ಅಲ್ಲಿ ಫೋಟೋಗೆ ಸರದಿ, ಮಕ್ಕಳ ಕೇಕೆ, ಯಾರದೋ ಮೊಬೈಲಿನ ಹಾಡು. ಆದರೂ ಏನನ್ನಾದರೂ ಕೂತು ಯೋಚಿಸಬೇಕು ಅನಿಸಿದಾಗ ನಾನು ಹೋಗುವುದು ಅಲ್ಲಿಗೇ.

ಜನ ಕಾಲಿಡದ ಜಾಗ ಹುಡುಕಿಕೊಂಡು ಹೋಗು ಎಂದು ಗೆಳೆಯರು ಹೇಳುತ್ತಾರೆ. ಆ ಹುಡುಕಾಟವನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. 2022ರಲ್ಲಿ ಈ ಗಿರಿಸಾಲಿನಲ್ಲಿ ನೀಲಕುರಿಂಜಿ ಅರಳಿದಾಗ, ಹನ್ನೆರಡು ವರ್ಷಕ್ಕೊಮ್ಮೆ ಬರುವ ಹೂವಿನ ನಡುವೆ ನಿಂತು ಚಿತ್ರ ತೆಗೆಸಿಕೊಳ್ಳಲು ಇಳಿಜಾರಿನ ಹುಲ್ಲಿನೊಳಗೆ ಜನ ಹೊಸಹೊಸ ದಾರಿ ತುಳಿದರು. ಇಲ್ಲಿನ ಮಣ್ಣಿಗೆ ಹುಲ್ಲಿನ ಬೇರೇ ಆಸರೆ. ಹುಲ್ಲು ಸವೆದ ಕಾಲುದಾರಿ ಮಳೆಗಾಲದಲ್ಲಿ ನೀರಿನ ಕಾಲುವೆಯಾಗುತ್ತದೆ, ಮುಂದಿನ ಮಳೆಗೆ ಕೊರಕಲಾಗುತ್ತದೆ. ನನ್ನೊಬ್ಬನ ಮೌನಕ್ಕಾಗಿ ಇನ್ನೊಂದು ಗುಡ್ಡದ ಮೈ ಹರಿಯಬೇಕೇ? ಮೆಟ್ಟಿಲಿರುವಲ್ಲಿ, ರಸ್ತೆಯಿರುವಲ್ಲಿ, ಜನರಿರುವಲ್ಲೇ ಅದು ಸಿಗಬೇಕು.

ಸಿಗುತ್ತದೆಂದು ತೋರಿಸಿಕೊಟ್ಟವಳು ಅಮ್ಮ. ಅವಳ ಪಾಲಿಗೆ ಗಿರಿ ಎಂದರೆ ತುದಿಯಲ್ಲಿರುವ ಮುಳ್ಳಪ್ಪಸ್ವಾಮಿಯ ಗದ್ದುಗೆ. ಆ ತಪಸ್ವಿ ಶಿಖರದ ಕೆಳಗಿನ ಗವಿಗಳಲ್ಲಿ ಧ್ಯಾನಕ್ಕೆ ಕೂತಿದ್ದರು ಎಂಬುದು ಭಕ್ತರ ನಂಬಿಕೆ. ಒಮ್ಮೆ ನನ್ನ ಜೊತೆ ಬಂದಾಗ ಅಮ್ಮ ಹಣ್ಣುಕಾಯಿ ಮಾಡಿಸಿ, ಗುಡಿಯ ಹಿಂಬದಿಯ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಸುತ್ತ ಅಷ್ಟು ಗದ್ದಲವಿದ್ದರೂ ಅವಳ ಮುಖದಲ್ಲಿ ಕಿರಿಕಿರಿಯ ಒಂದು ಗೆರೆಯೂ ಇರಲಿಲ್ಲ. ಅವಳು ನೋಟಕ್ಕಾಗಿ ಬಂದವಳಲ್ಲವಾದ್ದರಿಂದ ಯಾರೂ ಅವಳ ನೋಟಕ್ಕೆ ಅಡ್ಡ ಬರಲಿಲ್ಲ! ಎತ್ತರದ ಜಾಗಗಳಿಗೆ ನಮ್ಮ ಹಿರಿಯರು ಹೋಗುತ್ತಿದ್ದುದು ಬಹುಮಟ್ಟಿಗೆ ಹೀಗೆಯೇ ಇರಬೇಕು. ದೂರದ ಕಣಿವೆ ಕಂಡರೆ ಸಂತೋಷ, ಕಾಣದಿದ್ದರೆ ನಷ್ಟವಿಲ್ಲ.

ಅಂದಿನಿಂದ ನಾನೂ ಕಣಿವೆಗೆ ಬೆನ್ನು ಹಾಕಿ ಕೂರುವುದನ್ನು ರೂಢಿಸಿಕೊಂಡೆ. ಎಲ್ಲರೂ ಮೆಚ್ಚುವ ನೋಟದ ಕಡೆ ಮುಖ ಮಾಡಿದರೆ ಮನಸ್ಸು ಹೊಗಳಿಕೆಗೆ ತೊಡಗುತ್ತದೆ, ಯಾರಿಗಾದರೂ ಹೇಳಬೇಕೆಂದು ತವಕಿಸುತ್ತದೆ. ಬೆನ್ನು ತಿರುಗಿಸಿದರೆ ಗುಡ್ಡದ ಮಡಿಕೆಯಲ್ಲಿ ಶೋಲಾ ಕಾಡು. ಗಾಳಿಗೆ ಕುಗ್ಗಿದ ಗಿಡ್ಡ ಮರಗಳು, ಕೊಂಬೆಗಳ ತುಂಬ ಹಾವಸೆ. ಮಂಜು ಬಂದು ಎಲೆಗಳಿಗೆ ತಾಗಿ ಹನಿಯಾಗಿ ಉದುರುತ್ತದೆ. ಉದುರಿದ್ದನ್ನು ಕೊಳೆತ ತರಗೆಲೆಯ ದಪ್ಪ ಹಾಸು ಹೀರಿಟ್ಟುಕೊಂಡು, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಬಿಡುತ್ತದೆ. ಒಮ್ಮೆ ಅದೇ ಕಾಡಿನೊಳಗಿಂದ ಸಿಳ್ಳಾರ ಹಕ್ಕಿ ಕೂಗಿತು. ಗುರಿಯಿಲ್ಲದೆ ಸಿಳ್ಳೆ ಹಾಕುತ್ತ ಹೋಗುವ ಹುಡುಗನ ರಾಗದಂತೆ ಅದರ ದನಿ. ಹತ್ತಿರದಲ್ಲಿ ಹಾರ್ನ್ ಕೇಳಿಸುತ್ತಲೇ ಇತ್ತು, ಹಕ್ಕಿಯೂ ಕೇಳಿಸುತ್ತಲೇ ಇತ್ತು.

ಆಗ ನನ್ನ ತಲೆಯಲ್ಲಿದ್ದದ್ದು ಕಡೂರು ಸೀಮೆಯ ನಮ್ಮ ತೆಂಗಿನ ತೋಟ. ಅಪ್ಪ ನೆಟ್ಟದ್ದು. ತಮ್ಮ ಮಾರೋಣ ಎನ್ನುತ್ತಿದ್ದ, ನಾನು ಬೇಡ ಎನ್ನುತ್ತಿದ್ದೆ, ಮಾತು ಬಿಗಿಯಾಗಿತ್ತು. ಈ ಗಿರಿಸಾಲಿನಲ್ಲಿ ಹುಟ್ಟುವ ವೇದಾ ಮತ್ತು ಆವತಿ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ, ಮುಂದೆ ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರದಲ್ಲಿ ನಿಲ್ಲುತ್ತವೆ. ಗಿರಿಯ ಮಗ್ಗುಲಲ್ಲೇ ಇದ್ದರೂ ನಮ್ಮದು ಮಳೆಯ ನೆರಳಿನ ನಾಡು. ಎಲೆಯ ತುದಿಯಿಂದ ಜಾರುವ ಹನಿಯನ್ನು ನೋಡುತ್ತ ಕೂತವನಿಗೆ, ಬೇಸಿಗೆ ಬೇಸಿಗೆಗೂ ಆಳಕ್ಕಿಳಿವ ಬೋರ್‌ವೆಲ್‌ನ ಮುಂದೆ, ಕರೆಂಟಿಗಾಗಿ ರಾತ್ರಿ ಎದ್ದು ಕೂತ ತಮ್ಮ ಕಂಡ. ತೋಟದ ಮೇಲಿನ ಅಕ್ಕರೆ ನಮ್ಮಿಬ್ಬರಿಗೂ ಒಂದೇ. ನೀರಿನ ದಣಿವು ಮಾತ್ರ ಅವನೊಬ್ಬನದು. ಮನೆಯ ಜಗುಲಿಯ ಮೇಲೆ ಎಷ್ಟು ವಾದಿಸಿದರೂ ಇದು ನನಗೆ ಹೊಳೆದಿರಲಿಲ್ಲ.

ಬೇಗ ಹೊಳೆಯಿತೆಂದಲ್ಲ. ಮೊದಲು ಬರುವುದು ಮರೆತ ಬಿಲ್ಲು, ಕೊಡದ ಉತ್ತರ, ಹಳೆಯ ಸಿಟ್ಟು. ಅವು ಬಂದು ಹೋಗುವವರೆಗೆ ಕೂರಬೇಕು. ಫೋನನ್ನು ಗಾಡಿಯಲ್ಲೇ ಬಿಟ್ಟು ಬಂದರೆ ಅನುಕೂಲ. ಮಂಜು ಕವಿದು ಏನೂ ಕಾಣದಾದಾಗ ‘ದುಡ್ಡು ದಂಡ’ ಎನ್ನುತ್ತ ಜನ ಇಳಿಯತೊಡಗುತ್ತಾರೆ. ನನಗೆ ಆ ಹೊತ್ತೇ ಹೆಚ್ಚು ಪ್ರಿಯ. ಎದುರಿನ ಒಂದು ಗೇಣು ಹುಲ್ಲು ಬಿಟ್ಟರೆ ಬೇರೇನೂ ಉಳಿಯದಿರುವಾಗ ಕಣ್ಣು ಅಲೆಯುವುದನ್ನು ನಿಲ್ಲಿಸುತ್ತದೆ.

ಕೆಳಗಿಳಿದು ಕಡೂರಿಗೆ ಹೋದೆ. ತಮ್ಮನ ಜೊತೆ ಅರ್ಧ ದಿನ ತೋಟದಲ್ಲಿ ಓಡಾಡಿ, ಒಣಗಿದ ಮರಗಳಿಗೆ ಗುರುತು ಹಾಕಿದೆವು. ಮೇಲಿನ ತಾಕನ್ನು ಬಿಟ್ಟು, ಬಾವಿಯ ಪಕ್ಕದ ಭಾಗವನ್ನಷ್ಟೇ ಉಳಿಸಿಕೊಳ್ಳುವುದು, ಅದರ ಬೇಸಿಗೆಯ ಕಾವಲು ನನ್ನದು ಎಂದು ಒಪ್ಪಂದವಾಯಿತು. ಈ ಸಲ ಮಾರ್ಚ್‌ನಿಂದ ನಾನೇ ಅಲ್ಲಿದ್ದೇನೆ.