ಕಾಲ್ಚೆಂಡಾಟದಲ್ಲಿ ದೇಹದ ಮಿತಿ ಮತ್ತು ಮನಸ್ಸಿನ ಛಲ

ಕಾಲ್ಚೆಂಡಾಟವು ದೇಹಬಲದ ಆಟವೆಂಬುದು ಸಾಮಾನ್ಯರ ಎಣಿಕೆ. ಓಟದ ವೇಗ, ಕಾಲಿನ ಕಸುವು, ಎದೆಯ ದಮ್ಮು ಇವಿಲ್ಲದವನು ಮೈದಾನದ ಅಂಚಿನಲ್ಲಿ ನಿಂತು ನೋಡತಕ್ಕವನೇ ಹೊರತು ಆಡತಕ್ಕವನಲ್ಲವೆಂದು ಶಾಲೆಗಳಲ್ಲಿಯೂ ಎಷ್ಟೋ ವೇಳೆ ತೀರ್ಮಾನವಾಗಿಬಿಡುತ್ತದೆ. ಇದಕ್ಕೆ ಎದುರಾಗಿ ಮತ್ತೊಂದು ಮಾತೂ ಬಳಕೆಯಲ್ಲಿದೆ: ಮನಸ್ಸೊಂದು ಗಟ್ಟಿಯಾಗಿದ್ದರೆ ದೇಹವು ತಾನಾಗಿ ಅದರ ಹಿಂದೆ ಬರುತ್ತದೆ ಎಂಬುದು. ಈ ಆಟದ ಚರಿತ್ರೆಯನ್ನು ಪರಿಶೀಲಿಸಿದರೆ ಎರಡೂ ಅರ್ಧಸತ್ಯಗಳೆಂದು ತಿಳಿದುಬರುತ್ತದೆ. ಎರಡರಲ್ಲಿ ಹಿಂದಿನದಕ್ಕಿಂತ ಮುಂದಿನದೇ ಹೆಚ್ಚು ಅಪಾಯಕರ.

ದಕ್ಷಿಣ ಅಮೆರಿಕದ ಉರುಗ್ವೆ ದೇಶದ ಹೆಕ್ಟರ್ ಕ್ಯಾಸ್ಟ್ರೊ 1904ರಲ್ಲಿ ಮಾಂಟೆವಿಡಿಯೊ ನಗರದಲ್ಲಿ ಜನಿಸಿದವನು. ಹದಿಮೂರನೆಯ ವಯಸ್ಸಿನಲ್ಲಿ ವಿದ್ಯುತ್ ಗರಗಸಕ್ಕೆ ಸಿಕ್ಕಿ ಬಲಗೈಯ ಮುಂಭಾಗವನ್ನು ಕಳೆದುಕೊಂಡನು. ಕಾಲಿನಿಂದ ಆಡುವ ಆಟಕ್ಕೆ ಕೈಯೇತಕ್ಕೆ ಎಂದು ಕೇಳುವವರುಂಟು. ಓಡುವಾಗ ಮೈಯ ತೂಕವನ್ನು ಸಮಗೊಳಿಸುವುದು, ಮೈಗೆ ಮೈ ಒತ್ತಿ ಬರುವ ಎದುರಾಳಿಗೆ ತಡೆಯೊಡ್ಡುವುದು, ಬಿದ್ದಾಗ ನೆಲಕ್ಕೆ ಊರಿ ಏಳುವುದು, ಚೆಂಡಿಗೆ ತಲೆಕೊಡಲು ನೆಗೆಯುವುದು ಇವೆಲ್ಲಕ್ಕೂ ತೋಳುಗಳು ಬೇಕು. ಕ್ಯಾಸ್ಟ್ರೊ ಒಂದೂವರೆ ತೋಳಿನಲ್ಲಿಯೇ ಇವನ್ನೆಲ್ಲ ರೂಢಿಸಿಕೊಂಡನು. 1930ರಲ್ಲಿ ಪ್ರಪ್ರಥಮ ವಿಶ್ವಕಪ್ ಪಂದ್ಯಾವಳಿಯು ಅವನ ಊರಿನಲ್ಲಿಯೇ ನಡೆದಾಗ, ಪೆರು ದೇಶದ ವಿರುದ್ಧ ಉರುಗ್ವೆಯ ಮೊದಲ ಗೋಲನ್ನು ಹೊಡೆದವನು ಅವನೇ. ಜುಲೈ 30ರಂದು ಅರ್ಜೆಂಟೀನದೊಡನೆ ನಡೆದ ಅಂತಿಮ ಪಂದ್ಯವನ್ನು ಉರುಗ್ವೆಯು 4-2ರಿಂದ ಗೆದ್ದಿತು. ಆ ನಾಲ್ಕನೆಯ ಗೋಲೂ ಅವನದೇ.

ಬ್ರೆಜಿಲಿನ ಗರಿಂಚನ ವೃತ್ತಾಂತವು ಇದಕ್ಕಿಂತ ತೊಡಕಿನದು. 1933ರಲ್ಲಿ ಹುಟ್ಟಿದ ಈತನ ಬೆನ್ನೆಲುಬು ಸೊಟ್ಟಗಿದ್ದಿತು. ಬಲಗಾಲು ಒಳಕ್ಕೆ ಬಾಗಿತ್ತು. ಎಡಗಾಲು ಅದಕ್ಕಿಂತ ಸುಮಾರು 6 ಸೆಂಟಿಮೀಟರು ಗಿಡ್ಡವಾಗಿ ಹೊರಕ್ಕೆ ಬಾಗಿತ್ತು. ಅವನು ಯಾವ ಕಡೆಗೆ ಹೊರಳುವನೆಂಬುದನ್ನು ಎದುರಾಳಿಗಳು ಕಾಲಿನ ನಿಲುವಿನಿಂದ ಊಹಿಸುವುದು ಕಷ್ಟವಾಗಿತ್ತು. ಕೊರತೆಯೇ ಕೌಶಲಕ್ಕೆ ಒತ್ತಾಸೆಯಾಯಿತು. 1958ರಲ್ಲಿ ಸ್ವೀಡನ್ನಿಗೆ ಹೊರಟ ಬ್ರೆಜಿಲ್ ತಂಡದೊಡನೆ ಒಬ್ಬ ಮನಶ್ಶಾಸ್ತ್ರಜ್ಞನಿದ್ದನು. ಅವನು ಆಟಗಾರರಿಂದ ಚಿತ್ರ ಬರೆಯಿಸಿ, ಪ್ರಶ್ನೆ ಕೇಳಿ ಪರೀಕ್ಷಿಸಿದನು. ಗರಿಂಚ ಆಡಿಸಲು ತಕ್ಕವನಲ್ಲ, ಹದಿನೇಳರ ಹರೆಯದ ಪೆಲೆಗೆ ಹೋರಾಟದ ಗುಣ ಸಾಲದು ಎಂಬುದು ಅವನ ಅಭಿಪ್ರಾಯವಾಯಿತು. ಮೊದಲೆರಡು ಪಂದ್ಯಗಳಲ್ಲಿ ಇಬ್ಬರೂ ಆಡಲಿಲ್ಲ. ಮೂರನೆಯದರಲ್ಲಿ ಸೋವಿಯತ್ ರಷ್ಯದ ಎದುರು ಇಬ್ಬರೂ ಇಳಿದರು. ಆ ವರ್ಷದ ಕಪ್ಪು ಬ್ರೆಜಿಲಿಗೆ ಸಂದಿತು. ಅವರಿಬ್ಬರೂ ಕೂಡಿ ಆಡಿದ ಪಂದ್ಯಗಳಲ್ಲಿ ಬ್ರೆಜಿಲ್ ಒಮ್ಮೆಯೂ ಸೋತದ್ದಿಲ್ಲ.

ದೇಹವನ್ನು ಕಂಡು ಬೇಡವೆಂದವರು ಎಡವಿದಂತೆಯೇ ಮನಸ್ಸನ್ನು ಕಾಗದದ ಮೇಲೆ ಅಳೆದವನೂ ಎಡವಿದನೆಂಬುದನ್ನು ಶಿಕ್ಷಕ ವರ್ಗದವರು ಗಮನಿಸಬೇಕು. ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. 1962ರಲ್ಲಿ ಚಿಲಿಯಲ್ಲಿ ಪೆಲೆ ಗಾಯಗೊಂಡು ಹಿಂದುಳಿದಾಗ ಬ್ರೆಜಿಲಿನ ಭಾರವನ್ನು ಹೊತ್ತವನು ಗರಿಂಚನೇ. ಕಪ್ಪು ಮತ್ತೆ ಬಂದಿತು. ಅದಾದ ಕೆಲವೇ ವರ್ಷಗಳಲ್ಲಿ ಆ ಬಾಗಿದ ಕಾಲುಗಳ ಮೊಣಕಾಲು ಸೋತಿತು. ಶಸ್ತ್ರಚಿಕಿತ್ಸೆಯ ಬಳಿಕ ಹಿಂದಿನ ಆಟ ಮರಳಲಿಲ್ಲ. ಮದ್ಯವೂ ಜೊತೆಗೂಡಿ 1983ರಲ್ಲಿ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಅವನ ಬಾಳು ಮುಗಿಯಿತು. ದೇಹವು ಕೊಟ್ಟ ಸಾಲವನ್ನು ಮರೆಯುವುದಿಲ್ಲ.

ಕನ್ನಡದಲ್ಲಿ ಛಲವೆಂಬ ಮಾತಿಗೆ ಎರಡು ಮುಖಗಳುಂಟು. ಹಿಡಿದ ಕಾರ್ಯವನ್ನು ಬಿಡದ ಸ್ಥೈರ್ಯವೂ ಛಲವೇ, ಕೇಡೆಂದು ತಿಳಿದೂ ಬಿಡದ ಹಟವೂ ಛಲವೇ. ಪಂಪನು ದುರ್ಯೋಧನನ ಛಲವನ್ನು ಗುಣವಾಗಿ ಎಣಿಸಿದ್ದಾನೆ. ಆ ಛಲ ಕುರುಕುಲಕ್ಕೆ ಏನು ಮಾಡಿತೆಂಬುದನ್ನೂ ಅದೇ ಕಾವ್ಯದಲ್ಲಿ ಹೇಳಿದ್ದಾನೆ. ಕ್ಯಾಸ್ಟ್ರೊನದು ಮೊದಲ ಬಗೆಯದು. ಎರಡನೆಯದನ್ನು ಮೊದಲನೆಯದೆಂದು ಭ್ರಮಿಸಿ ಕೊಂಡಾಡುವುದು ಆಟದ ಲೋಕದಲ್ಲಿ ಬಹುಕಾಲದಿಂದ ನಡೆದುಬಂದಿದೆ.

ಬರ್ಟ್ ಟ್ರೌಟ್‌ಮನ್ ಎಂಬ ಜರ್ಮನ್ ಗೋಲ್‌ಕೀಪರನ ಪ್ರಸಂಗ ಇದಕ್ಕೆ ನಿದರ್ಶನ. ಯುದ್ಧಕೈದಿಯಾಗಿ ಇಂಗ್ಲೆಂಡಿಗೆ ಬಂದು ಅಲ್ಲಿಯೇ ನೆಲಸಿದ ಈತನು 1956ರ ಮೇ 5ರಂದು ವೆಂಬ್ಲಿಯಲ್ಲಿ ಮ್ಯಾಂಚೆಸ್ಟರ್ ಸಿಟಿ ತಂಡದ ಪರವಾಗಿ ಎಫ್.ಎ. ಕಪ್ಪಿನ ಅಂತಿಮ ಪಂದ್ಯವನ್ನಾಡುತ್ತಿದ್ದನು. ಕೊನೆಯ ಹದಿನೇಳು ನಿಮಿಷಗಳಿರುವಾಗ ಚೆಂಡನ್ನು ಹಿಡಿಯಲು ಎದುರಾಳಿಯ ಕಾಲಿಗೆರಗಿ ಕುತ್ತಿಗೆಗೆ ಬಲವಾದ ಪೆಟ್ಟು ತಿಂದನು. ತಲೆಸುತ್ತಿ ತೂರಾಡುತ್ತಲೇ ಕೊನೆಯವರೆಗೆ ಗೋಲನ್ನು ಕಾದನು. ತಂಡ 3-1ರಿಂದ ಗೆದ್ದಿತು. ಕುತ್ತಿಗೆಯ ಎಲುಬುಮಣಿಯೊಂದು ಮುರಿದಿದೆಯೆಂಬುದು ಕ್ಷ-ಕಿರಣದಿಂದ ತಿಳಿದದ್ದು ಕೆಲವು ದಿನಗಳ ಮೇಲೆ. ಪಕ್ಕದ ಮಣಿ ಅದಕ್ಕೆ ಒತ್ತಾಗಿ ಸಿಕ್ಕಿಕೊಂಡುದರಿಂದ ಮಾತ್ರ ಪ್ರಾಣ ಉಳಿಯಿತು.

ಇದನ್ನು ಕೇಳಿದವರು ಮನೋಬಲದ ಪವಾಡವೆನ್ನುತ್ತಾರೆ. ಅವನನ್ನು ಮೈದಾನದಲ್ಲಿ ನಿಲ್ಲಿಸಿದ್ದು ಮನೋಬಲವೊಂದೇ ಅಲ್ಲ. ಗಾಯಗೊಂಡವನ ಸ್ಥಾನಕ್ಕೆ ಬದಲಿ ಆಟಗಾರನನ್ನು ಇಳಿಸಲು ಅಂದಿನ ನಿಯಮಗಳಲ್ಲಿ ಅವಕಾಶವಿರಲಿಲ್ಲ. ಇಂಗ್ಲಿಷ್ ಲೀಗ್ ಪಂದ್ಯಗಳಲ್ಲಿ ಅದು ಬಂದದ್ದು 1965ರಲ್ಲಿ. 1970ರ ವಿಶ್ವಕಪ್ಪಿನಲ್ಲಿ ಇಟಲಿಯ ಎದುರು ಭುಜದ ಕೀಲು ತಪ್ಪಿದ ಬೆಕೆನ್‌ಬಾವರ್ ತೋಳನ್ನು ಎದೆಗೆ ಕಟ್ಟಿಕೊಂಡು ಆಡಿದ್ದಕ್ಕೂ ಕಾರಣ ಅಂಥದೇ: ಪಶ್ಚಿಮ ಜರ್ಮನಿಯು ತನಗಿದ್ದ ಎರಡು ಬದಲಿಗಳನ್ನೂ ಆಗಲೇ ಬಳಸಿಬಿಟ್ಟಿತ್ತು.

ಈಗ ನಿಯಮಗಳು ಇನ್ನೂ ಮುಂದೆ ಹೋಗಿವೆ. ತಲೆಗೆ ಪೆಟ್ಟು ಬಿದ್ದು ಮಿದುಳಿಗೆ ಆಘಾತವಾದ ಶಂಕೆಯಿದ್ದಲ್ಲಿ, ಉಳಿದ ಬದಲಿಗಳ ಲೆಕ್ಕಕ್ಕೆ ಸೇರದಂತೆ ಬೇರೊಬ್ಬನನ್ನು ಇಳಿಸುವ ಪ್ರಯೋಗ 2021ರಲ್ಲಿ ಮೊದಲಾಗಿ, 2024ರಲ್ಲಿ ಆಟದ ನಿಯಮಗಳೊಳಗೆ ಸೇರಿತು. ಹಾಗೆ ಹೊರಬಂದವನು ಅಂದು ಮತ್ತೆ ಆಡುವಂತಿಲ್ಲ. ಆಡಬಲ್ಲೆನೆಂಬ ಅವನ ಮಾತನ್ನು ಪ್ರಮಾಣವಾಗಿ ಹಿಡಿಯುವಂತಿಲ್ಲ; ಪೆಟ್ಟು ಬಿದ್ದದ್ದು ತೀರ್ಮಾನಿಸಬೇಕಾದ ಆ ಮಿದುಳಿಗೇ ಅಲ್ಲವೆ? ಶಾಲೆಯ ಮೈದಾನದಲ್ಲಿ ವೈದ್ಯರಿರುವುದು ಅಪರೂಪ. ಸೀಟಿ ಹಿಡಿದ ಅಧ್ಯಾಪಕರೇ ಅಲ್ಲಿ ಆ ಹುಡುಗನನ್ನು ಹೊರಗೆ ಕೂರಿಸಬೇಕು, ಅವನು ಎಷ್ಟೇ ಅತ್ತರೂ, ತಂಡ ಒಂದು ಗೋಲಿನಿಂದ ಹಿಂದಿದ್ದರೂ.