ಬೀಜ ಇಳಿಯದ ಮಗು: ಆರು ತಿಂಗಳಾದರೆ ತೋರಿಸಿ

‘ಒಂದು ಬೀಜ ಕೈಗೆ ಸಿಗ್ತಿಲ್ಲ ಡಾಕ್ಟ್ರೇ. ಬೆಳೀತಾ ಬೆಳೀತಾ ಇಳಿಯುತ್ತೆ ಅಂತಾರೆ ನಮ್ಮತ್ತೆ.’ ಎಳೆಯ ಗಂಡುಮಗುವಿನ ತಾಯಂದಿರು ದನಿ ತಗ್ಗಿಸಿ ಹೇಳುವ ಮಾತಿದು. ಅತ್ತೆಯ ಮಾತು ಅರ್ಧ ನಿಜ. ದಿನ ತುಂಬಿ ಹುಟ್ಟಿದ ಗಂಡುಮಕ್ಕಳಲ್ಲಿ ನೂರಕ್ಕೆ 2ರಿಂದ 4 ಮಂದಿಗೆ ಬೀಜ, ಅಂದರೆ ವೃಷಣ, ಚೀಲಕ್ಕೆ ಇಳಿದಿರುವುದಿಲ್ಲ. ದಿನ ತುಂಬುವ ಮುನ್ನ ಹುಟ್ಟಿದವರಲ್ಲಿ ಇದು ಇನ್ನೂ ಹೆಚ್ಚು. ಅನೇಕರಿಗೆ ಮೊದಲ ಕೆಲವು ತಿಂಗಳಲ್ಲೇ ತಾನಾಗಿ ಇಳಿಯುತ್ತದೆ. ಆರು ತಿಂಗಳಾದ ಮೇಲೆ ಇಳಿಯುವುದು ಅಪರೂಪ.

ವೃಷಣ ಏಕೆ ಇಳಿಯುವುದಿಲ್ಲ ಎಂದು ತಿಳಿಯಲು, ಅದು ರೂಪುಗೊಳ್ಳುವ ಬಗೆ ನೋಡಿ. ಗರ್ಭದ ಆರನೇ ವಾರದವರೆಗೂ ಭ್ರೂಣದ ಜನನಗ್ರಂಥಿ ವೃಷಣವೂ ಆಗಬಹುದು, ಅಂಡಾಶಯವೂ ಆಗಬಹುದು. ಆಮೇಲೆ ವೈ ವರ್ಣತಂತುವಿನ ಎಸ್‌ಆರ್‌ವೈ ಜೀನ್ ಒಂದು ಪ್ರೋಟೀನ್ ತಯಾರಿಸುತ್ತದೆ. ಡಿಎನ್‌ಎಗೆ ಅಂಟಿಕೊಂಡು ಬೇರೆ ಜೀನ್‌ಗಳನ್ನು ಚಾಲೂ ಮಾಡುವ ಸ್ವಿಚ್ಚು ಅದು. ಅದರಿಂದ ಸಾಕ್ಸ್9 ಎಂಬ ಮತ್ತೊಂದು ನಿಯಂತ್ರಕ ಪ್ರೋಟೀನ್ ಹೆಚ್ಚುತ್ತದೆ, ಮುಂದೆ ವೀರ್ಯಾಣುಗಳನ್ನು ಸಾಕಿ ಬೆಳೆಸುವ ಸರ್ಟೋಲಿ ಕೋಶಗಳು ಮೈದಳೆಯುತ್ತವೆ. ಲಂಡನ್ನಿನ ವಿಜ್ಞಾನಿಗಳು ಎಸ್‌ಆರ್‌ವೈ ಜೀನನ್ನು ಗುರುತಿಸಿದ್ದು 1990ರಲ್ಲಿ. ಮರುವರ್ಷ, ಹೆಣ್ಣಿನ ವರ್ಣತಂತುಗಳಿದ್ದ ಇಲಿಯ ಭ್ರೂಣಕ್ಕೆ ಅದನ್ನು ಸೇರಿಸಿದಾಗ ವೃಷಣವೇ ಬೆಳೆಯಿತು!

ಹೀಗೆ ರೂಪುಗೊಂಡ ವೃಷಣ ತಾನೇ ಹಾರ್ಮೋನ್ ಸುರಿಸಿ, ಹೊಟ್ಟೆಯೊಳಗಿಂದ ತೊಡೆಸಂದಿನ ಮೂಲಕ ಚೀಲಕ್ಕೆ ಇಳಿಯುತ್ತದೆ. ಈ ಸರಪಳಿಯಲ್ಲಿ ಎಲ್ಲಿ ತೊಡಕಾಯಿತು ಎಂದು ಹೆಚ್ಚಿನ ಮಕ್ಕಳಲ್ಲಿ ಬೊಟ್ಟುಮಾಡಿ ಹೇಳಲಾಗದು. ಬಸುರಿ ಗ್ರಹಣದ ದಿನ ಹೊರಗೆ ಹೋದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ದಯವಿಟ್ಟು ತಾಯಿಯನ್ನು ದೂರಬೇಡಿ.

ವೀರ್ಯಾಣು ತಯಾರಾಗುವುದು ಹರೆಯದಲ್ಲಿ ತಾನೆ, ಈಗೇನು ಅವಸರ ಎಂದು ತಂದೆಯರು ಕೇಳುತ್ತಾರೆ. ಅವಸರವಿದೆ. ಹುಟ್ಟಿದ ಮೊದಲ ತಿಂಗಳುಗಳಲ್ಲೇ ಮಗುವಿನ ಹಾರ್ಮೋನ್ ಒಮ್ಮೆ ಏರುತ್ತದೆ. ಆಗ ವೃಷಣದ ಎಳೆ ಕೋಶಗಳು, ಜೀವನವಿಡೀ ವೀರ್ಯಾಣು ಕೊಡಬಲ್ಲ ಮೂಲಕೋಶಗಳಾಗಿ ಮಾರ್ಪಡುತ್ತವೆ. ಚೀಲದ ಬಿಸಿ ದೇಹಕ್ಕಿಂತ 2ರಿಂದ 4 ಡಿಗ್ರಿ ಕಡಿಮೆ. ಆ ತಂಪು ಸಿಗದೆ ಮೇಲೆಯೇ ಉಳಿದ ವೃಷಣದಲ್ಲಿ ಈ ಮಾರ್ಪಾಡು ಕುಂಟುತ್ತದೆ, ಕೋಶಗಳು ಕ್ರಮೇಣ ಕಡಿಮೆಯಾಗುತ್ತವೆ. ಮುಂದೆ ವೃಷಣದ ಕ್ಯಾನ್ಸರ್ ಬರುವ ಸಾಧ್ಯತೆಯೂ ಸ್ವಲ್ಪ ಹೆಚ್ಚು.

ಮನೆಯಲ್ಲೇ ನೋಡಬಹುದು. ಬಿಸಿನೀರಿನ ಸ್ನಾನವಾದ ಮೇಲೆ, ಮಗು ಆರಾಮಾಗಿ ಮಲಗಿರುವಾಗ, ಬೆಚ್ಚನೆಯ ಕೈಯಿಂದ ಒಂದೊಂದು ಕಡೆಯೂ ಮೆಲ್ಲನೆ ಮುಟ್ಟಿ. ಚಳಿಗೆ ಮೇಲೇರಿ ಮತ್ತೆ ಕೆಳಗೆ ಬರುವ ವೃಷಣಕ್ಕೆ ಸಾಮಾನ್ಯವಾಗಿ ಆಪರೇಷನ್ ಬೇಡ. ವರ್ಷಕ್ಕೊಮ್ಮೆ ವೈದ್ಯರು ನೋಡಿದರೆ ಸಾಕು. ಸಿಗಲೇ ಇಲ್ಲವೆಂದರೆ ಆರು ತಿಂಗಳಿಗೆ ಮಕ್ಕಳ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಅದನ್ನು ಕೆಳಗಿಳಿಸಿ ಚೀಲದಲ್ಲಿ ಕೂರಿಸುವ ಆಪರೇಷನ್ ಒಂದೂವರೆ ವರ್ಷದೊಳಗೆ ಆಗಿಬಿಡಬೇಕು. ಎಣ್ಣೆ ತಿಕ್ಕಿ ಇಳಿಸಲು ಹೋಗಬೇಡಿ.

ಎರಡೂ ಕಡೆ ಸಿಗದಿದ್ದರೆ, ಅಥವಾ ಮೂತ್ರದ ರಂಧ್ರ ತುದಿಯಲ್ಲಿಲ್ಲದಿದ್ದರೆ ಮಾತ್ರ ಆರು ತಿಂಗಳೂ ಕಾಯಬೇಡಿ; ಹುಟ್ಟಿದ ವಾರದಲ್ಲೇ ಪರೀಕ್ಷೆ ಮಾಡಿಸಿ.